ದಿನವಿಡೀ ನಿರುದ್ಯೋಗದ ಪ್ರಶ್ನೆ, ಸಚಿವರದ್ದು ಶೇ 3.2ರ ಉತ್ತರ: ಏನಿದರ ಲೆಕ್ಕ?

ಪ್ರಶ್ನೆ: ಇತ್ತೀಚೆಗೆ ಒಂದು ದಿನ ಲೋಕಸಭೆ ಕಲಾಪವನ್ನು ಟಿವಿಯಲ್ಲಿ ಪೂರ್ತಿ ನೋಡಿದೆ. ಬೆಳಗ್ಗೆಯಿಂದ ಸಂಜೆವರೆಗೆ ಬರೀ ನಿರುದ್ಯೋಗದ್ದೇ ಮಾತು. ಸಂಸದರು ಕೇಳಿದ್ದು ಒಂದು, ಸರ್ಕಾರ ಹೇಳಿದ್ದು ಇನ್ನೊಂದು. ನಿರುದ್ಯೋಗ ಶೇ 6ರಿಂದ ಶೇ 3.2ಕ್ಕೆ ಇಳಿದಿದೆ ಅಂದರು. ನಮ್ಮ ಮನೆಯಲ್ಲೇ ಇಬ್ಬರು ಮಕ್ಕಳು ಡಿಗ್ರಿ ಮುಗಿಸಿ ಕೂತಿದ್ದಾರೆ. ಮಗ ನನ್ನ ಅಂಗಡಿಯಲ್ಲಿ ಕೂರುತ್ತಾನೆ, ಮಗಳು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಸಚಿವರು ಸುಳ್ಳು ಹೇಳಿದರಾ? ಇಂಥ ಪ್ರಶ್ನೆಗಳನ್ನು ಕೇಳಿ ಏನು ಉಪಯೋಗ?

ಉತ್ತರ: ಸಚಿವರು ಸುಳ್ಳು ಹೇಳಲಿಲ್ಲ. ಆದರೆ ನಿಮ್ಮ ಮನೆಯ ಪ್ರಶ್ನೆಗೆ ಉತ್ತರವನ್ನೂ ಕೊಡಲಿಲ್ಲ. ಕೊಡುವ ಅಗತ್ಯ ಬೀಳದ ಹಾಗೆ ಪ್ರಶ್ನೆ ಕೇಳಿದ್ದು ಸಂಸದರೇ. ಸಂಸತ್ತಿನ ಉತ್ತರಗಳನ್ನು ಓದುವುದೇ ಕೆಲಸ ಮಾಡಿಕೊಂಡ ನನಗೆ ಪದೇ ಪದೇ ಕಂಡಿರುವುದು ಇದು: ಸರ್ಕಾರ ಎಷ್ಟು ಹೇಳುತ್ತದೆ ಅನ್ನುವುದು ಪ್ರಶ್ನೆಯನ್ನು ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಟಿವಿಯಲ್ಲಿ ಕಂಡ ಜಗಳಕ್ಕೂ ಇದಕ್ಕೂ ಸಂಬಂಧ ಕಮ್ಮಿ.

ಮೊದಲು ಆ ದಿನ ಹೇಗೆ ತಯಾರಾಗುತ್ತದೆ ನೋಡೋಣ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12ರವರೆಗೆ ಪ್ರಶ್ನೋತ್ತರ ಅವಧಿ. ರಾಜ್ಯಸಭೆಯಲ್ಲಿ 2014ರ ಕೊನೆಯಿಂದ ಅದು ಮಧ್ಯಾಹ್ನ 12ಕ್ಕೆ ಶುರುವಾಗುತ್ತದೆ. ಸಂಸದರು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಬಂದ ರಾಶಿಯಲ್ಲಿ ಲಾಟರಿ ಎತ್ತುತ್ತಾರೆ. ಹಾಗೆ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಸೇರುತ್ತವೆ. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಬರೀ ಲಿಖಿತ ಉತ್ತರ.

ಯಾವ ಖಾತೆಗೆ ಯಾವ ವಾರ ಅನ್ನುವುದೂ ಮೊದಲೇ ಗೊತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಕಾರ್ಮಿಕ ಮತ್ತು ಉದ್ಯೋಗ ಖಾತೆಯ ಉತ್ತರಗಳು ಲೋಕಸಭೆಯಲ್ಲಿ ಹೆಚ್ಚಾಗಿ ಸೋಮವಾರ, ರಾಜ್ಯಸಭೆಯಲ್ಲಿ ಗುರುವಾರ ಬರುತ್ತವೆ. ಅಂಥ ದಿನ ಒಂದೇ ಥರದ ಹತ್ತಾರು ಪ್ರಶ್ನೆ ಬರುವುದು ಸಹಜ. ಅವನ್ನೆಲ್ಲ ಒಟ್ಟಿಗೆ ಕಟ್ಟಿ ಒಂದೇ ಉತ್ತರ ಕೊಡುವುದೂ ಉಂಟು. ಮೇಲೆ ಹತ್ತು ಸಂಸದರ ಹೆಸರು, ಕೆಳಗೆ ಒಂದು ಉತ್ತರ. ಕೇರಳದವರು ಕೇಳಿದ್ದು, ಬಿಹಾರದವರು ಕೇಳಿದ್ದು, ನಮ್ಮವರು ಕೇಳಿದ್ದು ಎಲ್ಲ ಕರಗಿ ಒಂದಾಗಿಬಿಡುತ್ತದೆ.

ಒಂದು ಗಂಟೆಯಲ್ಲಿ 20 ಪ್ರಶ್ನೆಯನ್ನೂ ಮುಟ್ಟುವುದಿಲ್ಲ. ಸದನ ಚೆನ್ನಾಗಿ ನಡೆದ ದಿನವೂ ನಾಲ್ಕೈದು, ಜಾಸ್ತಿ ಅಂದರೆ ಆರೇಳು. ಉಳಿದವುಗಳ ಉತ್ತರವನ್ನು ಲಿಖಿತವಾಗಿ ಮಂಡಿಸಿಬಿಡುತ್ತಾರೆ. ಮೂಲ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ ಸಿಗುತ್ತವೆ, ಆಮೇಲೆ ಸ್ಪೀಕರ್ ಕರೆದವರಿಗೆ ಅವಕಾಶ. ಸಚಿವರ ಕೈಯಲ್ಲಿ ಅಧಿಕಾರಿಗಳು ಬರೆದುಕೊಟ್ಟ ಕಡತ ಇರುತ್ತದೆ. ಯಾವ ಉಪಪ್ರಶ್ನೆ ಬರಬಹುದು, ಬಂದರೆ ಏನು ಹೇಳಬೇಕು ಅಂತ ಅದರಲ್ಲಿ ಮೊದಲೇ ಸಿದ್ಧವಿರುತ್ತದೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಯೂ ಬರುತ್ತಿರುತ್ತದೆ. ‘ದೇಶದ ಯುವಕರ ಗತಿ ಏನು?’ ಅಂತ ಗಂಟಲು ಏರಿಸಿ ಕೇಳಿದರೆ ಆ ಕಡತಕ್ಕೆ ಅದು ಬಲು ಸುಲಭದ ಪ್ರಶ್ನೆ. ‘ನೀವೇ ಕೊಟ್ಟ ಕೋಷ್ಟಕದ ಮೂರನೇ ಸಾಲಿನಲ್ಲಿ ಹೋದ ವರ್ಷಕ್ಕಿಂತ ಕಮ್ಮಿ ಇದೆಯಲ್ಲ, ಯಾಕೆ?’ ಅಂದರೆ ಕಷ್ಟ. ಅಲ್ವಾ?

ಈಗ ಆ ಶೇ 3.2ರ ಕಡೆ ಬರುತ್ತೇನೆ. ಉದ್ಯೋಗದ ಬಗ್ಗೆ ಬರುವ ಲಿಖಿತ ಉತ್ತರಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಸಂಸದರು (ಎ), (ಬಿ), (ಸಿ), (ಡಿ) ಅಂತ ಬಿಡಿಸಿ ಕೇಳಿರುತ್ತಾರೆ. ಉತ್ತರ ಶುರುವಾಗುವುದೇ ‘(ಎ)ರಿಂದ (ಡಿ)’ ಅಂತ, ಎಲ್ಲ ಸೇರಿಸಿ. ಮೊದಲ ಸಾಲಿನಲ್ಲಿ ಉದ್ಯೋಗ ಮತ್ತು ನಿರುದ್ಯೋಗದ ಅಧಿಕೃತ ಅಂಕಿಅಂಶ ಬರುವುದು ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆಯಿಂದ, ಅಂದರೆ ಪಿಎಲ್‌ಎಫ್‌ಎಸ್‌ನಿಂದ, ಎಂಬ ಮಾತು. ಎರಡನೇ ಪ್ಯಾರಾದಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ದರ 2017-18ರ ಶೇ 6.0ರಿಂದ 2023-24ರಲ್ಲಿ ಶೇ 3.2ಕ್ಕೆ ಇಳಿಯಿತು ಎಂಬ ಸಾಲು. ಮೂರನೆಯದರಲ್ಲಿ ರಿಸರ್ವ್ ಬ್ಯಾಂಕಿನ ಕ್ಲೆಮ್ಸ್ ಎಂಬ ದತ್ತಾಂಶದ ಲೆಕ್ಕ: 2014-15ರಲ್ಲಿ 47.15 ಕೋಟಿ ಇದ್ದ ಉದ್ಯೋಗ 2023-24ಕ್ಕೆ 64.33 ಕೋಟಿ ಆಯಿತು. ಆಮೇಲೆ ಯೋಜನೆಗಳ ಉದ್ದ ಪಟ್ಟಿ. ಮುದ್ರಾ, ಸ್ಕಿಲ್ ಇಂಡಿಯಾ, ಇನ್ನೂ ಏನೇನೋ. ಮುಗಿಯಿತು.

ಶೇ 3.2 ನಿಜವಾದ ಸಂಖ್ಯೆಯೇ. ಅದು ಏನನ್ನು ಎಣಿಸುತ್ತದೆ ಅನ್ನುವುದಷ್ಟೇ ವಿಷಯ. ‘ಸಾಮಾನ್ಯ ಸ್ಥಿತಿ’ ಅನ್ನುವ ಅಳತೆಯಲ್ಲಿ ಹಿಂದಿನ 365 ದಿನ ನೋಡುತ್ತಾರೆ. ಒಬ್ಬ ವ್ಯಕ್ತಿ ವರ್ಷದ ಹೆಚ್ಚು ಕಾಲ ಕೆಲಸ ಹುಡುಕುತ್ತಲೇ ಇದ್ದರೂ, ನಡುವೆ 30 ದಿನ ಯಾವುದಾದರೂ ಕೆಲಸ ಮಾಡಿದ್ದರೆ ಈ ಅಳತೆಯಲ್ಲಿ ಅವರು ಉದ್ಯೋಗಿ. ಸಂಬಳ ಬಂದಿರಲೇಬೇಕು ಅಂತಲೂ ಇಲ್ಲ. ಮನೆಯವರ ಅಂಗಡಿ, ಹೊಲದಲ್ಲಿ ಸುಮ್ನೆ ಕೈಜೋಡಿಸಿದರೂ ಅದು ಕೆಲಸವೇ.

ಈಗ ನಿಮ್ಮ ಮಗನನ್ನು ನೋಡಿ. ಅವನು ನಿಮ್ಮ ಅಂಗಡಿಯಲ್ಲಿ ಕೂರುತ್ತಾನೆ ಅಂದಿರಿ. ಸಮೀಕ್ಷೆಯವರು ಮನೆಗೆ ಬಂದರೆ ಅವನು ಉದ್ಯೋಗಿ ಅಂತಲೇ ದಾಖಲಾಗುತ್ತಾನೆ. ನಿಮ್ಮ ಲೆಕ್ಕದಲ್ಲಿ ನಿರುದ್ಯೋಗಿ, ಅವರ ಲೆಕ್ಕದಲ್ಲಿ ಮನೆಯ ಉದ್ಯಮದ ಸಹಾಯಕ. ಮಗಳದ್ದು ಇನ್ನೂ ಸೂಕ್ಷ್ಮ. ಕೆಲಸ ಸಿಕ್ಕರೆ ಮಾಡಲು ತಯಾರಿದ್ದೇನೆ ಅಂದರೆ ನಿರುದ್ಯೋಗಿ. ಇಲ್ಲ, ಸದ್ಯಕ್ಕೆ ಓದು ಮಾತ್ರ ಅಂದರೆ ಕಾರ್ಮಿಕ ಪಡೆಯಿಂದಲೇ, ಅಂದರೆ ಕೆಲಸದಲ್ಲಿರುವವರು ಮತ್ತು ಕೆಲಸ ಬೇಕೆನ್ನುವವರ ಒಟ್ಟು ಲೆಕ್ಕದಿಂದಲೇ, ಹೊರಗೆ. ಆಗ ಶೇ 3.2ರ ಭಾಗಾಕಾರದಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ನೀವು ಇಬ್ಬರನ್ನು ಎಣಿಸಿದ ಕಡೆ ಸಮೀಕ್ಷೆ ಸೊನ್ನೆ ಎಣಿಸಬಹುದು. ಯಾರೂ ಸುಳ್ಳು ಹೇಳಿದಂತಾಗಲಿಲ್ಲ.

ಅದೇ ಸಮೀಕ್ಷೆಯ ಒಳಗೇ ನಿಮ್ಮ ಮನೆಗೆ ಹತ್ತಿರದ ಸಂಖ್ಯೆಗಳಿವೆ. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ 2017-18ರಲ್ಲಿ ಶೇ 17.8 ಇತ್ತು, 2023-24ರಲ್ಲಿ ಶೇ 10.2. ಇದೂ ಇಳಿದಿದೆ, ಒಪ್ಪಬೇಕು. ಆದರೂ ಒಟ್ಟು ದರದ ಮೂರು ಪಟ್ಟು. ಹಿಂದಿನ ಏಳು ದಿನವನ್ನಷ್ಟೇ ನೋಡುವ ‘ವಾರದ ಸ್ಥಿತಿ’ ಅಳತೆಯಲ್ಲಿ 2023-24ರ ದರ ಶೇ 3.2 ಅಲ್ಲ, ಶೇ 4.9. ಅಲ್ಲೂ ವಾರದಲ್ಲಿ ಒಂದು ಗಂಟೆ ಕೆಲಸ ಮಾಡಿದ್ದರೆ ಸಾಕು, ಉದ್ಯೋಗಿ. 2025ರಿಂದ ತಿಂಗಳ ಲೆಕ್ಕ ಬರುತ್ತಿರುವುದು ಈ ವಾರದ ಅಳತೆಯಲ್ಲೇ. ಆ ವರ್ಷದ ಏಪ್ರಿಲ್‌ನ ಮೊದಲ ತಿಂಗಳ ವರದಿಯಲ್ಲಿ ಶೇ 5.1 ಬಂತು. ಶೇ 3.2, ಶೇ 5.1 ಎರಡನ್ನೂ ಅಕ್ಕಪಕ್ಕ ಇಟ್ಟು ‘ನೋಡಿ, ಏರಿಬಿಟ್ಟಿತು’ ಅನ್ನುವ ಸಂಸದರೂ ಇದ್ದಾರೆ. ಅದು ತಪ್ಪು. ಅಳತೆಗೋಲೇ ಬೇರೆ.

ನನ್ನನ್ನು ಕೇಳಿದರೆ ಆ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯ ನಿರುದ್ಯೋಗದ ದರವಲ್ಲ, ಕೆಲಸದ ಬಗೆ. ಸ್ವಂತ ಉದ್ಯೋಗದಲ್ಲಿರುವವರ ಪಾಲು 2017-18ರಲ್ಲಿ ಶೇ 52.2 ಇದ್ದದ್ದು 2023-24ಕ್ಕೆ ಶೇ 58.4 ಆಗಿದೆ. ತಿಂಗಳ ಸಂಬಳದವರ ಪಾಲು ಶೇ 22.8ರಿಂದ ಶೇ 21.7ಕ್ಕೆ ಇಳಿದಿದೆ. ಸ್ವಂತ ಉದ್ಯೋಗ ಅಂದಾಗ ಅದರಲ್ಲಿ ಕಾರ್ಖಾನೆ ಮಾಲೀಕರೂ ಇದ್ದಾರೆ, ಅಪ್ಪನ ಅಂಗಡಿಯಲ್ಲಿ ಕೂತ ನಿಮ್ಮ ಮಗನೂ ಇದ್ದಾನೆ. ಪುಟ್ಟ ಮನೆ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರ ಪಾಲು ಏರಿರುವುದೂ ಅದೇ ವರದಿಯಲ್ಲಿದೆ. ಇದನ್ನು ಹಿಡಿದು ಉಪಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಬಹಳ ಕಮ್ಮಿ. ಯಾಕೋ ನಮ್ಮ ಸಂಸದರಿಗೆ ಒಟ್ಟು ದರದ ಮೇಲೇ ಪ್ರೀತಿ.

ಶೇ 6 ಅನ್ನುವ ಆರಂಭದ ಅಂಕಿಗೂ ಒಂದು ಕಥೆ ಇದೆ. 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ಪಿಎಲ್‌ಎಫ್‌ಎಸ್‌ನ ಮೊದಲ ವರದಿ ಸಿದ್ಧವಾಗಿದ್ದರೂ ಪ್ರಕಟಿಸುತ್ತಿಲ್ಲ ಅನ್ನುವುದು ಅವರ ದೂರುಗಳಲ್ಲಿ ಒಂದು. ಅಷ್ಟರಲ್ಲಿ ಪತ್ರಿಕೆಗೆ ವರದಿ ಸೋರಿತು, ನಿರುದ್ಯೋಗ 45 ವರ್ಷದಲ್ಲೇ ಹೆಚ್ಚು ಎಂಬ ಸುದ್ದಿಯಾಯಿತು. ಅದು ಇನ್ನೂ ಕರಡು ಅಂತ ಸರ್ಕಾರದ ಕಡೆಯವರು ಅಂದರು. ಚುನಾವಣೆ ಮುಗಿದು, 2019ರ ಮೇ 31ರಂದು ವರದಿ ಅಧಿಕೃತವಾಗಿ ಬಂತು. ಎಲ್ಲ ವಯಸ್ಸಿನವರಿಗೆ ಸೇರಿ ಶೇ 6.1. ಅದಕ್ಕೂ ಮೊದಲಿನ 2011-12ರ ಸಮೀಕ್ಷೆಯಲ್ಲಿ ಶೇ 2.2 ಇತ್ತು. ವಿಧಾನ ಬದಲಾಗಿದೆ, ಹಳೆಯದಕ್ಕೆ ಹೋಲಿಸಬೇಡಿ ಎಂಬುದು ಸರ್ಕಾರದ ವಾದ. ಹೀಗಾಗಿ ಈಗ ಎಲ್ಲ ಹೋಲಿಕೆಯೂ 2017-18ರಿಂದಲೇ ಶುರು. ಅಂದು ಒಪ್ಪಲು ಮನಸ್ಸಿಲ್ಲದಿದ್ದ ಅದೇ ಸಂಖ್ಯೆ ಇಂದು ಇಳಿಕೆ ತೋರಿಸಲು ತುಂಬಾ ಅನುಕೂಲವಾಗಿದೆ. ರಾಜಕೀಯದಲ್ಲಿ ಅಂಕಿಗಳಿಗೂ ಪಕ್ಷಾಂತರ ಉಂಟು ನೋಡಿ.

ಹಾಗಾದರೆ ಯಾವ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುತ್ತದೆ? ಸರ್ಕಾರ ತಾನೇ ಇಟ್ಟುಕೊಂಡ ರಿಜಿಸ್ಟರ್‌ ಬಗ್ಗೆ ಕೇಳಿದಾಗ. ಸಮೀಕ್ಷೆಯ ಬಗ್ಗೆ ಕೇಳಿದರೆ ದರ ಬರುತ್ತದೆ, ರಿಜಿಸ್ಟರ್‌ ಬಗ್ಗೆ ಕೇಳಿದರೆ ತಲೆ ಎಣಿಕೆ ಬರುತ್ತದೆ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 2022ರ ಜುಲೈ 27ರದ್ದು. ಕೇಂದ್ರ ಸರ್ಕಾರದ ಕೆಲಸಕ್ಕೆ ಬಂದ ಅರ್ಜಿ ಎಷ್ಟು, ನೇಮಕಕ್ಕೆ ಶಿಫಾರಸಾದವರು ಎಷ್ಟು, ವರ್ಷವಾರು ಹೇಳಿ ಎಂಬ ಪ್ರಶ್ನೆ. ಸಿಬ್ಬಂದಿ ಖಾತೆಯ ರಾಜ್ಯ ಸಚಿವ ಜಿತೇಂದ್ರ ಸಿಂಗ್ ಲೋಕಸಭೆಗೆ ಲಿಖಿತ ಉತ್ತರ ಕೊಟ್ಟರು. 2014-15ರಿಂದ 2021-22ರವರೆಗೆ ಬಂದ ಅರ್ಜಿ 22.05 ಕೋಟಿ. ಶಿಫಾರಸಾದವರು 7.22 ಲಕ್ಷ.

ಭಾಗಿಸಿ ನೋಡಿದರೆ ಸುಮಾರು 300 ಅರ್ಜಿಗೆ ಒಂದು ಕೆಲಸ. ಇದರಲ್ಲಿ ಒಂದು ಎಚ್ಚರಿಕೆ ಬೇಕು. 22 ಕೋಟಿ ಅರ್ಜಿ ಅಂದರೆ 22 ಕೋಟಿ ಜನ ಅಲ್ಲ. ನಿಮ್ಮ ಮಗಳೇ ವರ್ಷಕ್ಕೆ ಎಷ್ಟು ಪರೀಕ್ಷೆಗೆ ಅರ್ಜಿ ಹಾಕುತ್ತಾಳೆ ಕೇಳಿ ನೋಡಿ. ಆದರೆ ವರ್ಷವಾರು ಕೋಷ್ಟಕ ಇನ್ನೂ ಹೆಚ್ಚು ಮಾತಾಡುತ್ತದೆ. 2018-19 ಒಂದರಲ್ಲೇ 5.09 ಕೋಟಿ ಅರ್ಜಿ. ಶಿಫಾರಸಾದವರು 2019-20ರಲ್ಲಿ 1,47,096 ಮಂದಿ, 2021-22ರಲ್ಲಿ 38,850. ಕೋವಿಡ್ ಕಾರಣ ಇರಬಹುದು, ಆದರೂ ಅಷ್ಟು ದೊಡ್ಡ ಕುಸಿತ ಆ ಒಂದು ಪುಟದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದೇ ವರ್ಷ ಇನ್ನೊಂದು ಉತ್ತರದಲ್ಲಿ 2021ರ ಮಾರ್ಚ್ 1ಕ್ಕೆ ಕೇಂದ್ರದ ಖಾಲಿ ಹುದ್ದೆ 9.79 ಲಕ್ಷ ಅಂತ ಹೊರಬಂತು. ಮಂಜೂರಾದ ಹುದ್ದೆ 40.35 ಲಕ್ಷ. ಅಂದರೆ ನಾಲ್ಕರಲ್ಲಿ ಒಂದು ಕುರ್ಚಿ ಖಾಲಿ. ಈ ಎರಡು ಉತ್ತರಗಳನ್ನು ಪತ್ರಿಕೆಗಳು, ವಿರೋಧ ಪಕ್ಷಗಳು, ಪರೀಕ್ಷೆಗೆ ಓದುವ ಹುಡುಗರು ವರ್ಷಗಟ್ಟಲೆ ಬಳಸಿದರು. ಇದಕ್ಕಾಗಿ ಯಾರೂ ಸದನದ ಬಾವಿಗೆ ಇಳಿಯಬೇಕಾಗಲಿಲ್ಲ, ಘೋಷಣೆ ಕೂಗಬೇಕಾಗಲಿಲ್ಲ. ಚುಕ್ಕೆ ಇಲ್ಲದ, ಕ್ಯಾಮೆರಾ ಇಲ್ಲದ ಕಡೆ ಬಂದ ಮಾಹಿತಿ ಅದು.

ಖಾಲಿ ಉತ್ತರವನ್ನೂ ಓದಲು ಕಲಿಯಬೇಕು. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ, ಲಿಖಿತ ಉತ್ತರ ಮಾತ್ರ. ಸೆಪ್ಟೆಂಬರ್ 14ರಂದು ವಲಸೆ ಕಾರ್ಮಿಕರ ಬಗ್ಗೆ ಕೇಳಿದಾಗ ಕಾರ್ಮಿಕ ಖಾತೆಯಿಂದ ಬಂದ ಉತ್ತರ: ಊರಿಗೆ ಮರಳಿದವರು 1.04 ಕೋಟಿಗೂ ಹೆಚ್ಚು, ರಾಜ್ಯವಾರು ಪಟ್ಟಿ ಸಮೇತ. ದಾರಿಯಲ್ಲಿ ಸತ್ತವರ ಲೆಕ್ಕ? ಅಂಥ ದತ್ತಾಂಶ ಇಟ್ಟಿಲ್ಲ. ಪರಿಹಾರ? ಲೆಕ್ಕವೇ ಇಲ್ಲದಿರುವುದರಿಂದ ಆ ಪ್ರಶ್ನೆ ಉದ್ಭವಿಸುವುದಿಲ್ಲ. ಆ ಉತ್ತರಕ್ಕೆ ದೇಶವಿಡೀ ಸಿಟ್ಟಾಯಿತು, ಸರಿಯಾಗಿಯೇ. ಆದರೆ ಯಾವುದನ್ನು ಎಣಿಸಿದ್ದಾರೆ, ಯಾವುದನ್ನು ಎಣಿಸಿಲ್ಲ ಎಂಬುದು ಕಡತದ ಮೇಲೆ ದಾಖಲಾಗಿದ್ದು ಆ ಪ್ರಶ್ನೆಯಿಂದಲೇ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು’ ಅಂತ ಒಂದು ಉತ್ತರ ಬರುತ್ತದಲ್ಲ, ಅದನ್ನು ತಳ್ಳಿಹಾಕಬೇಡಿ. ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಅದನ್ನು ಬೆನ್ನುಹತ್ತಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಗಡುವು ವಿಸ್ತರಣೆ ಕೇಳುವುದೂ ನಡೆಯುತ್ತದೆ, ನಿಜ. ಆದರೂ ಪಟ್ಟಿಯಿಂದ ಅದು ತಾನಾಗಿ ಅಳಿದುಹೋಗುವುದಿಲ್ಲ.

ಮಧ್ಯಾಹ್ನದ ಗಲಾಟೆಯ ಬಗ್ಗೆ ಎರಡು ಮಾತು. ಬೇರೆ ಕೆಲಸ ಬದಿಗಿಟ್ಟು ಈಗಲೇ ಚರ್ಚೆ ಆಗಬೇಕು ಅಂತ ಕೇಳುವುದು ನಿಲುವಳಿ ಸೂಚನೆ. ಸ್ಪೀಕರ್ ಒಪ್ಪಬೇಕು, ವಿರೋಧ ಬಂದರೆ 50 ಸದಸ್ಯರಾದರೂ ಎದ್ದು ನಿಂತು ಬೆಂಬಲಿಸಬೇಕು. ಹೆಚ್ಚಿನ ಸಲ ಒಪ್ಪಿಗೆ ಸಿಗುವುದಿಲ್ಲ. ನಿಯಮ 193ರಲ್ಲಿ ಅಲ್ಪಾವಧಿ ಚರ್ಚೆ ಸಿಗಬಹುದು, ಅದರಲ್ಲಿ ಮತಕ್ಕೆ ಹಾಕುವಂತಿಲ್ಲ. ಸಂಸದರು ಅಷ್ಟಾಗಿ ಬಳಸದ ಇನ್ನೊಂದು ದಾರಿ ನಿಯಮ 55ರ ಅರ್ಧ ಗಂಟೆ ಚರ್ಚೆ. ಇತ್ತೀಚೆಗೆ ಕೊಟ್ಟ ಉತ್ತರ ಸ್ಪಷ್ಟವಿಲ್ಲ ಅನ್ನಿಸಿದರೆ ಅದೇ ಉತ್ತರವನ್ನು ಹಿಡಿದು ಸಚಿವರನ್ನು ಮತ್ತೆ ನಿಲ್ಲಿಸಬಹುದು. ನಿರುದ್ಯೋಗದಂಥ ವಿಷಯಕ್ಕೆ ಹೇಳಿ ಮಾಡಿಸಿದ ದಾರಿ ಅದು. ಬೆಳಗ್ಗೆ 11ಕ್ಕೇ ಗದ್ದಲ ಎಬ್ಬಿಸಿ ಸದನ ಮುಂದೂಡಿಸಿದರೆ ಲಾಭ ಯಾರಿಗೆ? ಲಿಖಿತ ಉತ್ತರ ಹೇಗೂ ಮಂಡನೆಯಾಗುತ್ತದೆ. ಸಚಿವರು ತಪ್ಪಿಸಿಕೊಳ್ಳುವುದು ಉಪಪ್ರಶ್ನೆಯಿಂದ ಮಾತ್ರ. ಯಾವ ಪಕ್ಷ ವಿರೋಧದಲ್ಲಿದ್ದರೂ ಈ ತಪ್ಪು ಮಾಡುತ್ತದೆ.

ಇನ್ನು ನೀವು ಮಾಡಬಹುದಾದದ್ದು. ನಿಮ್ಮ ಸಂಸದರಿಗೆ ಪ್ರಶ್ನೆ ಬರೆದು ಕಳಿಸಿ. ಅವರು ಅದನ್ನು ತಮ್ಮ ಹೆಸರಲ್ಲಿ ಕೇಳಬಹುದು. ಸಚಿವರಾಗಿರುವವರು ಪ್ರಶ್ನೆ ಕೇಳುವುದಿಲ್ಲ, ಹಾಗಿದ್ದರೆ ರಾಜ್ಯದ ಬೇರೊಬ್ಬ ಸಂಸದರನ್ನು ಹಿಡಿಯಿರಿ. ನಿಯಮ ಸರಳ: 150 ಪದ ಮೀರಬಾರದು, ವಾದ, ಊಹೆ, ವ್ಯಂಗ್ಯ ಇರಬಾರದು, ಈಗಾಗಲೇ ಸುಲಭವಾಗಿ ಸಿಗುವ ದಾಖಲೆಯಲ್ಲಿರುವುದನ್ನು ಕೇಳಬಾರದು. ‘ನಿರುದ್ಯೋಗ ನಿವಾರಣೆಗೆ ಕೈಗೊಂಡ ಕ್ರಮಗಳೇನು?’ ಅಂತ ಮಾತ್ರ ಬರೆಯಬೇಡಿ. ಯೋಜನೆಗಳ ಪಟ್ಟಿ ಬಂದು ಬೀಳುತ್ತದೆ, ಅಷ್ಟೇ.

ನಿಮ್ಮ ಮಗಳಿಗಾಗಿ ಹೀಗೆ ಕೇಳಿಸಬಹುದು: ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎರಡು ವರ್ಷ ಮೀರಿ ಖಾಲಿ ಇರುವವು ಎಷ್ಟು, ಇಲಾಖೆವಾರು, ಕಳೆದ ಐದು ವರ್ಷದ ನೇಮಕಾತಿಗಳಲ್ಲಿ ಅಧಿಸೂಚನೆ ಹೊರಟ ದಿನ ಯಾವುದು, ಫಲಿತಾಂಶದ ದಿನ ಯಾವುದು, ನೇಮಕಾತಿ ಪತ್ರ ಕೊಟ್ಟ ದಿನ ಯಾವುದು. ಇದು ಹೋಗಬೇಕಾದ್ದು ಸಿಬ್ಬಂದಿ ಖಾತೆಗೆ, ಕಾರ್ಮಿಕ ಖಾತೆಗೆ ಅಲ್ಲ. ವಿಳಾಸ ತಪ್ಪಿದರೆ ಪ್ರಶ್ನೆ ಅಲೆದಾಡುತ್ತದೆ. ರಾಜ್ಯ ಸರ್ಕಾರದ ಹುದ್ದೆ, ಯುವನಿಧಿ ಇವೆಲ್ಲ ವಿಧಾನಸಭೆಯ ವಿಷಯ, ಅದಕ್ಕೆ ಶಾಸಕರ ಹತ್ತಿರ ಹೋಗಬೇಕು. ಸಂವಿಧಾನದ ಸಮವರ್ತಿ ಪಟ್ಟಿಯ 23ನೇ ನಮೂದಿನಲ್ಲಿ ಉದ್ಯೋಗ ಮತ್ತು ನಿರುದ್ಯೋಗ ಎರಡೂ ಇವೆ. ಹಾಗಾಗಿ ಕೇಂದ್ರವಾಗಲಿ ರಾಜ್ಯವಾಗಲಿ ಇದು ನಮ್ಮದಲ್ಲ ಅಂತ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಮಗ ಅಂಗಡಿ ಬಿಟ್ಟು ಸಂಬಳದ ಕೆಲಸ ನೋಡುತ್ತಿದ್ದರೆ ಕಾರ್ಮಿಕ ಖಾತೆಗೊಂದು ಪ್ರಶ್ನೆ ಇದೆ. 2025ರ ಆಗಸ್ಟ್ 1ರಿಂದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಶುರುವಾಗಿದೆ. 99,446 ಕೋಟಿ ರೂಪಾಯಿ ವೆಚ್ಚ, 3.5 ಕೋಟಿ ಉದ್ಯೋಗದ ಗುರಿ. ಮೊದಲ ಬಾರಿ ಕೆಲಸಕ್ಕೆ ಸೇರಿದವರಿಗೆ ಒಂದು ತಿಂಗಳ ವೇತನ, 15,000 ರೂಪಾಯಿ ಮೀರದಂತೆ, ಎರಡು ಕಂತಿನಲ್ಲಿ. ಮೊದಲ ಕಂತು ಆರು ತಿಂಗಳ ಸೇವೆ ಆದಮೇಲೆ, ಎರಡನೆಯದು ಹನ್ನೆರಡು ತಿಂಗಳಾದಮೇಲೆ. ಎಷ್ಟು ಉದ್ಯೋಗ ಸೃಷ್ಟಿಯಾಯಿತು ಅಂತ ಕೇಳಿದರೆ ನೋಂದಣಿಯ ದೊಡ್ಡ ಸಂಖ್ಯೆ ಕೊಟ್ಟು ಮುಗಿಸಬಹುದು. ಮೊದಲ ಕಂತು ಪಡೆದವರು ಎಷ್ಟು, ಅವರಲ್ಲಿ ಎರಡನೇ ಕಂತು ಪಡೆದವರು ಎಷ್ಟು, ರಾಜ್ಯವಾರು ಕೊಡಿ ಅಂತ ಕೇಳಿಸಿ. ದುಡ್ಡು ಹೋಗಿರುವ ರಿಜಿಸ್ಟರ್‌ ಅದು, ಲೆಕ್ಕ ಇರಲೇಬೇಕು. ಆರು ತಿಂಗಳಿಂದ ಹನ್ನೆರಡು ತಿಂಗಳೊಳಗೆ ಎಷ್ಟು ಜನ ಕೆಲಸದಲ್ಲಿ ಉಳಿದರು ಎಂಬ ಅಂದಾಜು ಅದರಿಂದಲೇ ಸಿಗುತ್ತದೆ.

ಉತ್ತರ ಬಂದ ದಿನವೇ ಸಂಸತ್ತಿನ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಸಂಸದರ ಹೆಸರು ಹಾಕಿಯೂ ಹುಡುಕಬಹುದು, ಖಾತೆ ಹಾಕಿಯೂ ಹುಡುಕಬಹುದು. ತೆರೆದಾಗ ಮೊದಲ ಪುಟ ಬಿಟ್ಟುಬಿಡಿ, ನೇರವಾಗಿ ಕೊನೆಯ ಅನುಬಂಧಕ್ಕೆ ಹೋಗಿ. ರಾಜ್ಯವಾರು ಕೋಷ್ಟಕ ಇರುವುದು ಅಲ್ಲೇ. ಇಲ್ಲದಿದ್ದರೆ ಯಾವ ಉಪವಿಭಾಗಕ್ಕೆ ಉತ್ತರ ಬಂದಿಲ್ಲ ಎಂದು ಗುರುತು ಹಾಕಿ, ಸಂಸದರ ಕಚೇರಿಗೆ ಅದನ್ನೇ ಮುಂದಿನ ಪ್ರಶ್ನೆಯಾಗಿ ಕಳಿಸಿ. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಕಳಿಸುವುದು ಒಳ್ಳೆಯದು, ಆ 15 ದಿನದ ಗಡುವು ಯಾರನ್ನೂ ಕಾಯುವುದಿಲ್ಲ.